ಹೊಸ ನೀರಿನ ಲೈನ್, ಹೊಸ ಒಳಚರಂಡಿ: ಪಟ್ಟಣದ ಅಂಚಿನ ಪಂಚಾಯಿತಿಗೆ ಯಾವ ದಾರಿ ಹೊಂದುತ್ತದೆ?

ನಮ್ಮ ಬೀದಿಯ ಕೊನೇ ಮನೆಯ ಅಕ್ಕ ಒಂದು ಬೆಳಗ್ಗೆ ಕೊಡ ಹೊತ್ತುಕೊಂಡೇ ಬಾಗಿಲಿಗೆ ಬಂದರು. "ನೀವೇ ಮೂಸಿ ನೋಡಿ" ಅಂದರು. ನೀರು ನೋಡಲು ತಿಳಿಯಾಗೇ ಇತ್ತು. ಮೂಗಿನ ಹತ್ತಿರ ತಂದರೆ ಬಚ್ಚಲು ವಾಸನೆ. ಆಗ ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನೀರಗಂಟಿಯನ್ನು ಕರೆಸಿ ಅವರ ಮನೆ ಮುಂದಿನ ಚರಂಡಿಯ ಹೂಳು ಎತ್ತಿಸಿದೆ. ಚರಂಡಿಯ ತಳದಲ್ಲೇ ಅರ್ಧ ಇಂಚಿನ ಕಪ್ಪು ಪೈಪು ಹಾದುಹೋಗಿತ್ತು. ಜಾಯಿಂಟಿಗೆ ಸೈಕಲ್ ಟ್ಯೂಬು ಸುತ್ತಿ ದಾರ ಕಟ್ಟಿದ್ದರು. ನೀರು ಬಿಟ್ಟಾಗ ಅಲ್ಲಿಂದ ಸಣ್ಣಗೆ ಚಿಮ್ಮುತ್ತಿತ್ತು. ವಾಲ್ವ್ ಮುಚ್ಚಿ ಪೈಪು ಖಾಲಿಯಾದಾಗ ಅದೇ ತೂತು ಚರಂಡಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮಾರನೇ ದಿನ ಆ ನೀರೇ ಮೊದಲು ಕೊಡಕ್ಕೆ ಬೀಳುತ್ತಿತ್ತು.

ಪೈಪು ಹಾಕಿದವರಿಗೆ ಚರಂಡಿ ಬರುವುದು ಗೊತ್ತಿರಲಿಲ್ಲ. ಚರಂಡಿ ಕಟ್ಟಿದವರು ಪೈಪು ಎಲ್ಲಿದೆ ಅಂತ ಕೇಳಲಿಲ್ಲ. ಬೇರೆ ವರ್ಷ, ಬೇರೆ ಅನುದಾನ, ಬೇರೆ ಗುತ್ತಿಗೆದಾರರು. ಅವತ್ತಿನಿಂದ ನಾನು ಪ್ರತಿ ಸಭೆಯಲ್ಲೂ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ: ಊರಿಗೆ ನೀರು ಎಲ್ಲಿಂದ ಬರಬೇಕು ಅಂತ ತೀರ್ಮಾನ ಮಾಡುವ ದಿನವೇ, ಬಳಸಿದ ನೀರು ಎಲ್ಲಿಗೆ ಹೋಗಬೇಕು ಅಂತಲೂ ತೀರ್ಮಾನ ಮಾಡಿ. ಒಂದೇ ನಕ್ಷೆ, ಒಂದೇ ಸಭೆ.

ಇದನ್ನು ಮುಖ್ಯವಾಗಿ ಪಟ್ಟಣದ ಅಂಚಿನಲ್ಲಿರುವ ಪಂಚಾಯಿತಿಗಳಿಗೆ ಬರೆಯುತ್ತಿದ್ದೇನೆ. ಹೊಲಗಳೆಲ್ಲ ಲೇಔಟ್ ಆಗುತ್ತಿವೆ. ಹಳೇ ಬೋರ್‌ವೆಲ್ ಬತ್ತುತ್ತಿದೆ. ಪಕ್ಕದ ಪುರಸಭೆ ಲೈನ್ ಕೊಡುತ್ತೇವೆ ಅನ್ನುತ್ತದೆ, ಇಲಾಖೆಯವರು ಬಹುಗ್ರಾಮ ಯೋಜನೆಗೆ ಸೇರಿ ಅನ್ನುತ್ತಾರೆ, ಲೇಔಟಿನವರು ಯುಜಿಡಿ (ನೆಲದಡಿಯ ಪೈಪಿನ ಒಳಚರಂಡಿ) ಬೇಕು ಅಂತ ಅರ್ಜಿ ಕೊಡುತ್ತಾರೆ. ಇದರಲ್ಲಿ ಯಾವುದಕ್ಕೆ ಹೂಂ ಅನ್ನಬೇಕು?

ಮೊದಲು ಒಂದು ಲೆಕ್ಕ

ಜಲಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದು 'ಮನೆ ಮನೆಗೆ ಗಂಗೆ'. ಅದರ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಪಟ್ಟಣದ ಲೆಕ್ಕ ಬೇರೆ. ಒಳಚರಂಡಿ ಇಲ್ಲದ ಪಟ್ಟಣಕ್ಕೆ 70 ಲೀಟರ್, ಒಳಚರಂಡಿ ಇರುವ ಅಥವಾ ಬರಲಿರುವ ಪಟ್ಟಣಕ್ಕೆ 135 ಲೀಟರ್. ಈ ಎರಡು ಅಂಕಿಗಳ ನಡುವೆ ಯಾಕಿಷ್ಟು ಅಂತರ ಅಂತ ತುಂಬಾ ಜನ ಕೇಳುವುದೇ ಇಲ್ಲ. ಒಳಚರಂಡಿಯಲ್ಲಿ ಮಲ ತೇಲಿಕೊಂಡು ಹೋಗಬೇಕು. ಅದಕ್ಕೆ ನೀರು ಬೇಕು. ನೀರು ಕಮ್ಮಿಯಾದರೆ ಪೈಪಿನೊಳಗೇ ಕೂರುತ್ತದೆ, ಒಣಗುತ್ತದೆ, ಕಟ್ಟಿಕೊಳ್ಳುತ್ತದೆ.

ಸಾವಿರ ಮನೆ, ಮನೆಗೆ 5 ಜನ ಅಂತ ಇಟ್ಟುಕೊಳ್ಳಿ. 55 ಲೀಟರ್ ಲೆಕ್ಕದಲ್ಲಿ ದಿನಕ್ಕೆ 2.75 ಲಕ್ಷ ಲೀಟರ್ ನೀರು ಬೇಕು. ಕೊಟ್ಟ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳಚೆಯಾಗಿ ವಾಪಸ್ ಬರುತ್ತದೆ ಅನ್ನುವುದು ಎಂಜಿನಿಯರುಗಳು ಹಾಕುವ ಲೆಕ್ಕ. ಅಂದರೆ 2.2 ಲಕ್ಷ ಲೀಟರ್. ಅದೇ ಊರಿಗೆ 135 ಲೀಟರ್ ಕೊಟ್ಟರೆ ನೀರು 6.75 ಲಕ್ಷ, ಕೊಳಚೆ 5.4 ಲಕ್ಷ ಲೀಟರ್. ಹೊಸ ಲೈನ್ ಬಂದ ವಾರದಲ್ಲೇ ಚರಂಡಿ ಉಕ್ಕಿ ರಸ್ತೆಗೆ ಹರಿಯುವುದು ಇದಕ್ಕೇ. ನೀರು ಬಂತು ಅಂತ ಪೂಜೆ ಮಾಡಿ ಸಿಹಿ ಹಂಚುತ್ತೇವೆ. ಕೊಳಚೆ ಎರಡೂವರೆ ಪಟ್ಟು ಆಯಿತು ಅಂತ ಯಾರೂ ಹೇಳುವುದಿಲ್ಲ.

ಮೊದಲು ನಿಮ್ಮ ಊರಿಗೆ ಬೇಕಾದ ನೀರು, ಬರುವ ಕೊಳಚೆ ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಜನಸಂಖ್ಯೆ ಇವತ್ತಿನದ್ದು ಮಾತ್ರ ಸಾಲದು. ಪೈಪು 30 ವರ್ಷಕ್ಕೆ, ಪಂಪು ಮೋಟಾರು 15 ವರ್ಷಕ್ಕೆ ಅಂತ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ. ಅನುಮೋದನೆಯಾಗಿ ಇನ್ನೂ ಖಾಲಿ ಬಿದ್ದಿರುವ ಸೈಟುಗಳನ್ನೂ ಎಣಿಸಿ.

ನೀರು: ಸ್ವಂತ ಬೋರೋ, ಬಹುಗ್ರಾಮವೋ, ಪಟ್ಟಣದ ಲೈನೋ?

ಸ್ವಂತ ಬೋರ್‌ವೆಲ್‌ನ ದೊಡ್ಡ ಗುಣ ಅಂದರೆ ಕೀಲಿ ನಮ್ಮ ಕೈಯಲ್ಲಿರುತ್ತದೆ. ಮೋಟಾರು ಸುಟ್ಟರೆ ಅವತ್ತೇ ಎತ್ತಿಸಿ ರಿವೈಂಡಿಂಗ್‌ಗೆ ಕಳಿಸಬಹುದು. ಯಾರಿಗೂ ಪತ್ರ ಬರೆದು ಕಾಯಬೇಕಿಲ್ಲ. ಆದರೆ ನೀರಿನ ಗುಣ ನಮ್ಮ ಕೈಯಲ್ಲಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡಿನ ಕಥೆ ಎಲ್ಲರಿಗೂ ಗೊತ್ತು. ನೈಟ್ರೇಟಿನ ಮಾತು ಕಮ್ಮಿ.

ಇಲ್ಲಿ ಮುಳಬಾಗಿಲನ್ನು ನೆನೆಯಲೇಬೇಕು. ಗುಂಡಿ ಶೌಚಾಲಯಗಳನ್ನೇ ನೆಚ್ಚಿಕೊಂಡಿದ್ದ ಆ ಪಟ್ಟಣದ ಬೋರ್ ನೀರನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷೆ ಮಾಡಿದರು. ಗುಂಡಿಗಳಿಂದ ಇಳಿದ ನೀರು ಬಂಡೆಯ ಬಿರುಕು ಹಿಡಿದು ಬೋರ್‌ವೆಲ್ ಸೇರುತ್ತಿರುವುದು ಕಂಡುಬಂತು. ನೀರಿನಲ್ಲಿ ನೈಟ್ರೇಟೂ ಇತ್ತು, ಮಲದ ರೋಗಾಣುಗಳೂ ಇದ್ದವು. ಅದಕ್ಕೇ ಹೇಳುವುದು, ಸ್ವಂತ ಬೋರ್ ಮತ್ತು ಮನೆಮನೆಗೂ ಆಳದ ಇಂಗುಗುಂಡಿ ಇವೆರಡನ್ನೂ ಒತ್ತೊತ್ತಾಗಿ ಮನೆಗಳಿರುವ ಕಡೆ ಒಟ್ಟಿಗೆ ಇಟ್ಟುಕೊಳ್ಳಬೇಡಿ. ನಾವು ಬಿಟ್ಟಿದ್ದನ್ನೇ ನಾವು ಕುಡಿದಂತೆ. ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ ಅಂತ ನೆಮ್ಮದಿಯಾಗಿರುವುದೂ ಬೇಡ. ಕ್ಯಾನ್ ನೀರನ್ನು ಕುಡಿಯುತ್ತೇವೆ, ಸರಿ. ಅಡುಗೆಗೆ ಎಷ್ಟೋ ಮನೆಗಳಲ್ಲಿ ನಲ್ಲಿ ನೀರನ್ನೇ ಬಳಸುತ್ತಾರೆ.

ಬಹುಗ್ರಾಮ ಯೋಜನೆ ಅಂದರೆ ಒಂದು ಹೊಳೆ ಅಥವಾ ಜಲಾಶಯದಿಂದ ನೀರೆತ್ತಿ, ಒಂದೇ ಕಡೆ ಶುದ್ಧ ಮಾಡಿ, ಹತ್ತಾರು ಊರುಗಳ ಟ್ಯಾಂಕಿಗೆ ಹರಿಸುವುದು. ನೀರಿನ ಗುಣದಲ್ಲಿ ಇದು ಬೋರಿಗಿಂತ ಎಷ್ಟೋ ಮೇಲು. ಫ್ಲೋರೈಡ್ ಇರುವ ಊರುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ತೊಂದರೆ ಇರುವುದು ಪೈಪಿನ ಬಾಲದಲ್ಲಿ. ಪಂಪ್‌ಹೌಸ್ ಹತ್ತಿರದ ಊರಿನವರ ಟ್ಯಾಂಕು ತುಂಬಿ ಹೊರಚೆಲ್ಲುತ್ತಿರುತ್ತದೆ. ಕೊನೇ ಊರಿನ ಟ್ಯಾಂಕಿಗೆ ಗಾಳಿ ಮಾತ್ರ ಬರುತ್ತಿರುತ್ತದೆ. ಮಧ್ಯದಲ್ಲಿ ಯಾರೋ ಏರ್‌ವಾಲ್ವ್ ಬಿಚ್ಚಿ ತೋಟಕ್ಕೆ ಬಿಟ್ಟುಕೊಂಡಿರುತ್ತಾರೆ. ಬೇಸಿಗೆಯಲ್ಲಿ ಕರೆಂಟು ಸರಿಯಾಗಿಲ್ಲದಿದ್ದರೆ ಕೇಳುವುದೇ ಬೇಡ.

ಹಾಗಾಗಿ ಸೇರುವ ಮೊದಲು ಕೇಳಬೇಕಾದ ಪ್ರಶ್ನೆ "ನೀರು ಕೊಡ್ತೀರಾ?" ಅಂತಲ್ಲ. "ನಮ್ಮ ಟ್ಯಾಂಕಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ, ಎಷ್ಟು ಲೀಟರ್ ಬೀಳುತ್ತೆ? ಅಳೆಯೋಕೆ ಮೀಟರ್ ಎಲ್ಲಿ ಕೂರಿಸ್ತೀರಾ?" ಅಂತ ಕೇಳಿ. ಪ್ರತಿ ಊರಿನ ಟ್ಯಾಂಕಿನ ಬುಡದಲ್ಲೂ ಒಂದು ಮೀಟರು, ಒಂದು ಕಂಟ್ರೋಲ್ ವಾಲ್ವ್ ಇರದಿದ್ದರೆ ಕೊನೇ ಊರಿಗೆ ನ್ಯಾಯ ಸಿಗುವುದಿಲ್ಲ. ಇನ್ನೊಂದು ಮಾತು. ಊರಿನ ಟ್ಯಾಂಕಿನ ತನಕ ಬೇರೆಯವರ ಜವಾಬ್ದಾರಿ ಇರಬಹುದು, ಟ್ಯಾಂಕಿನಿಂದ ನಲ್ಲಿಯ ತನಕ ಪಂಚಾಯಿತಿಯದ್ದೇ. ಜಲಜೀವನ್ ಮಿಷನ್‌ನಲ್ಲಿ ಊರಿನೊಳಗಿನ ಕೆಲಸದ ವೆಚ್ಚಕ್ಕೆ ಜನರ ವಂತಿಗೆ 10 ಭಾಗ, ಗುಡ್ಡಗಾಡು ಮತ್ತು ಪರಿಶಿಷ್ಟರು ಹೆಚ್ಚಾಗಿರುವ ಊರುಗಳಲ್ಲಿ 5 ಭಾಗ ಅಂತಿತ್ತು. ಆ ದುಡ್ಡು ಕೊಟ್ಟವರಿಗೆ ನಕ್ಷೆ ನೋಡುವ ಹಕ್ಕೂ ಇದೆ ಅಲ್ವಾ?

ಪಟ್ಟಣದ ಲೈನಿಗೆ ಸೇರುವುದು ಮೂರನೇ ದಾರಿ. ಬೆಂಗಳೂರಿನ ಆಚೆಯ ಪಟ್ಟಣಗಳಲ್ಲಿ ಈ ಯೋಜನೆಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿಕೊಡುತ್ತದೆ. ಊರೂ ಪಟ್ಟಣವೂ ಗೋಡೆಗೆ ಗೋಡೆ ಅಂಟಿಕೊಂಡಿದ್ದರೆ ಇದೇ ಸಹಜವಾದ ದಾರಿ. ನಾಳೆ ಪಂಚಾಯಿತಿ ಪಟ್ಟಣಕ್ಕೆ ಸೇರಿದರೂ ಪೈಪು ವ್ಯರ್ಥವಾಗುವುದಿಲ್ಲ. ಆದರೆ ಪಟ್ಟಣದ ಯೋಜನೆಯ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ತರಿಸಿ ನೋಡಿ. ಅದರಲ್ಲಿ ನಿಮ್ಮ ಊರಿನ ಜನಸಂಖ್ಯೆ ಎಣಿಕೆಗೆ ಬಂದಿದೆಯಾ? ಬಂದಿಲ್ಲ ಅಂದರೆ ಈಗ ಕೊಡುತ್ತಿರುವುದು ಹೆಚ್ಚುವರಿ ನೀರು. ಪಟ್ಟಣ ಬೆಳೆದ ಹಾಗೆ, ಏಪ್ರಿಲ್ ಬಂದ ಹಾಗೆ, ಮೊದಲು ನಿಲ್ಲುವುದು ನಿಮ್ಮ ವಾಲ್ವೇ.

ಪಟ್ಟಣಕ್ಕೆ ಸೇರಿದ ಕೂಡಲೇ ಎಲ್ಲ ಬರುತ್ತದೆ ಅನ್ನುವ ನಂಬಿಕೆಗೆ ಬೆಂಗಳೂರಿನ ಉದಾಹರಣೆ ಸಾಕು. 2007ರಲ್ಲಿ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಆ ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್ 16ರಂದು. ನಡುವೆ 17 ವರ್ಷ. ಅಷ್ಟೂ ವರ್ಷ ಎಷ್ಟೋ ಮನೆಗಳು ಬೋರ್ ಮತ್ತು ಟ್ಯಾಂಕರ್ ಮೇಲೆ ಬದುಕಿದವು. ತೆರಿಗೆ ಮಾತ್ರ ನಗರದ್ದು.

ನನ್ನ ಅಭಿಪ್ರಾಯ ಕೇಳಿದರೆ, ಕುಡಿಯುವುದಕ್ಕೆ ಬಹುಗ್ರಾಮ ಅಥವಾ ಪಟ್ಟಣದ ನೀರನ್ನೇ ಮುಖ್ಯ ಮಾಡಿಕೊಳ್ಳಿ. ಆದರೆ ಒಳ್ಳೆಯ ಎರಡು ಬೋರ್‌ವೆಲ್ಲುಗಳನ್ನು ಮಾತ್ರ ಮುಚ್ಚಬೇಡಿ. ಮೋಟಾರು ಇಳಿಸಿಟ್ಟು ವಾರಕ್ಕೊಮ್ಮೆ ಓಡಿಸಿ. ಹೊಸ ನೀರು ಬಂತು ಅಂತ ಹಳೇ ಮೋಟಾರನ್ನು ಗುಜರಿಗೆ ಹಾಕಿದ ಊರು ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ದಿನವಿಡೀ ನೀರು ಕೊಡುವುದು ಸುಮ್ನೆ ಆಡಂಬರ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ನಿರಂತರ ನೀರು ಶುರುವಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಎರಡೂ ಬಗೆಯ ವಾರ್ಡುಗಳ ನಲ್ಲಿ ನೀರನ್ನು ಹೋಲಿಸಿದಾಗ, ಬಿಟ್ಟು ಬಿಟ್ಟು ನೀರು ಬರುವ ಕಡೆ ಮಲದ ರೋಗಾಣು ಬಹಳ ಜಾಸ್ತಿ ಸಿಕ್ಕಿತು. ನಮ್ಮ ಬೀದಿಯ ಅಕ್ಕನ ಕೊಡದಲ್ಲಿ ಆದದ್ದೂ ಅದೇ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ತೂತಿನಿಂದ ನೀರು ಹೊರಗೆ ಹೋಗುತ್ತದೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಇಡೀ ಊರಿಗೆ ಆಗದಿದ್ದರೆ ಹೊಸ ಲೈನ್ ಹಾಕುವ ಒಂದು ಬಡಾವಣೆಯಲ್ಲಾದರೂ ಶುರು ಮಾಡಿ.

ಕೊಳಚೆ: ಗುಂಡಿ ಮತ್ತು ಗಾಡಿಯೋ, ಸಣ್ಣ ಪೈಪೋ, ಪೂರ್ತಿ ಯುಜಿಡಿಯೋ?

ಜಾಸ್ತಿ ದುಡ್ಡು ಪೋಲಾಗುವುದು ಇಲ್ಲೇ. ಎಲ್ಲರಿಗೂ ಯುಜಿಡಿ ಬೇಕು. ಯುಜಿಡಿ ಇದ್ದರೆ ಊರು ಸಿಟಿ ಆದ ಹಾಗೆ ಅನ್ನುವ ಭಾವನೆ ಇದೆ. ಸೈಟಿನ ರೇಟೂ ಏರುತ್ತದೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ನೋಡಿ.

ನೀರಿನ ಲೈನಿಗೆ ಒತ್ತಡ ಇರುತ್ತದೆ, ದಿಬ್ಬ ಹತ್ತಿಸಬಹುದು. ಒಳಚರಂಡಿ ಇಳಿಜಾರಿನಲ್ಲೇ ಹರಿಯಬೇಕು. 6 ಇಂಚಿನ ಪೈಪಿಗೆ ಸುಮಾರು 170 ಮೀಟರಿಗೆ 1 ಮೀಟರ್ ಇಳಿಜಾರು ಬೇಕು. ಊರು ಅಂಗೈಯಂತೆ ಸಮತಟ್ಟಾಗಿದ್ದರೆ 1 ಕಿಲೋಮೀಟರ್ ಹೋಗುವಷ್ಟರಲ್ಲಿ ಪೈಪು ಶುರುವಿನಲ್ಲಿದ್ದ ಆಳಕ್ಕಿಂತ ಸುಮಾರು 6 ಮೀಟರ್ ಕೆಳಗೆ ಇಳಿದಿರುತ್ತದೆ. ಎರಡು ಅಂತಸ್ತಿನ ಮನೆಯಷ್ಟು ಆಳ. ನಮ್ಮ ಬಯಲುಸೀಮೆಯಲ್ಲಿ ಎಷ್ಟೋ ಕಡೆ ಅಷ್ಟರೊಳಗೆ ಬಂಡೆ ಸಿಗುತ್ತದೆ. ಇಲ್ಲಾಂದರೆ ನಡುವೆ ವೆಟ್‌ವೆಲ್ (ಕೊಳಚೆ ಬಂದು ಸೇರುವ ಬಾವಿ) ಕಟ್ಟಿ ಪಂಪಿನಿಂದ ಎತ್ತಬೇಕು. ವೆಟ್‌ವೆಲ್ ಅಂದರೆ ಕರೆಂಟು, ಜನರೇಟರು, ರಾತ್ರಿ ಪಾಳಿಯ ಆಪರೇಟರು. 10 ಎಚ್‌ಪಿ ಪಂಪು ದಿನಕ್ಕೆ 8 ಗಂಟೆ ಓಡಿದರೆ ಸುಮಾರು 60 ಯೂನಿಟ್, ತಿಂಗಳಿಗೆ 1,800 ಯೂನಿಟ್. ನಿಮ್ಮ ಪಂಚಾಯಿತಿಯ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಆ ದುಡ್ಡು ಪ್ರತಿ ತಿಂಗಳು ಯಾರು ಕಟ್ಟುತ್ತಾರೆ? ಕರೆಂಟು ಹೋಗಿ ಪಂಪು ನಿಂತರೆ ಇಡೀ ಊರಿನ ಕೊಳಚೆ ವೆಟ್‌ವೆಲ್ ಉಕ್ಕಿ ಕೆರೆಗೆ ಇಳಿಯುತ್ತದೆ. ಮನೆಮನೆಯ ಗುಂಡಿಯಲ್ಲಿ ಹಂಚಿಹೋಗಿದ್ದ ಕೊಳೆಯನ್ನು ಒಂದೇ ಕಡೆ ಗುಡ್ಡೆ ಹಾಕಿ ಕೆರೆಗೆ ಸುರಿದಂತೆ.

ಯುಜಿಡಿಯ ಬೀದಿ ಪೈಪುಗಳಲ್ಲಿ ಸುಮಾರು 30 ಮೀಟರಿಗೊಂದು ಮ್ಯಾನ್‌ಹೋಲ್ ಬೇಕು. 10 ಕಿಲೋಮೀಟರ್ ಜಾಲ ಅಂದರೆ 300ಕ್ಕೂ ಹೆಚ್ಚು ಮ್ಯಾನ್‌ಹೋಲ್. ಪ್ರತಿಯೊಂದರ ಮುಚ್ಚಳ ಒಡೆಯಬಹುದು, ಪ್ರತಿಯೊಂದಕ್ಕೂ ಮಳೆ ನೀರು ನುಗ್ಗಬಹುದು. ಕಟ್ಟಿಕೊಂಡಾಗ ರಕ್ಷಣಾ ಸಾಧನ ಕೊಡದೆ ಒಳಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಪರಿಹಾರ ಎಷ್ಟು ಕೊಟ್ಟರೂ ಹೋದ ಜೀವ ಬರುವುದಿಲ್ಲ. ನೀರು ಚಿಮ್ಮಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಯಂತ್ರ ಕೊಳ್ಳಲು ಅಥವಾ ಪುರಸಭೆಯಿಂದ ತರಿಸಿಕೊಳ್ಳಲು ಏರ್ಪಾಡು ಮಾಡದೆ ಯುಜಿಡಿಗೆ ಕೈಹಾಕಲೇಬೇಡಿ.

ಇನ್ನೊಂದು ಸಂಗತಿ ಡಿಪಿಆರ್‌ನಲ್ಲಿ ಎದ್ದು ಕಾಣುವುದಿಲ್ಲ. ರಸ್ತೆಯಲ್ಲಿ ಪೈಪು ಬಂದ ಮಾತ್ರಕ್ಕೆ ಮನೆಯ ಕೊಳಚೆ ಅದಕ್ಕೆ ಸೇರುವುದಿಲ್ಲ. ಹಳೇ ಮನೆಗಳಲ್ಲಿ ಶೌಚಾಲಯ ಇರುವುದು ಹಿತ್ತಲಲ್ಲಿ. ಮುಂದಿನ ರಸ್ತೆಯ ಪೈಪಿಗೆ ಸೇರಿಸಬೇಕಾದರೆ ನಡುಮನೆ ಅಗೆಯಬೇಕು. "ಟೈಲ್ಸ್ ಹಾಕ್ಸಿ ಇನ್ನೂ ವರ್ಷ ಆಗಿಲ್ಲ, ಒಡೀರಿ ಅಂತೀರಲ್ಲಮ್ಮ" ಅಂತ ನಮ್ಮ ಊರಿನ ಅಜ್ಜಿಯೊಬ್ಬರು ಕೇಳಿದರು. ಅವರದ್ದು ತಪ್ಪೇನಿದೆ? ಮನೆ ಸಂಪರ್ಕದ ಖರ್ಚನ್ನೂ ಯೋಜನೆಯಲ್ಲೇ ಸೇರಿಸಿ. ಇಲ್ಲದಿದ್ದರೆ ಪೈಪು ಖಾಲಿ ಬಿದ್ದಿರುತ್ತದೆ.

ಹಾಗಂತ ಯುಜಿಡಿ ಬೇಡ ಅಂತಲ್ಲ. ಮನೆಗಳು ಒತ್ತಾಗಿದ್ದು, ನೀರು 135 ಲೀಟರಿನ ಹತ್ತಿರ ಬರುತ್ತಿದ್ದು, ಊರಿನ ಇಳಿಜಾರು ಪಟ್ಟಣದ ಎಸ್‌ಟಿಪಿ (ಕೊಳಚೆ ಶುದ್ಧ ಮಾಡುವ ಘಟಕ) ಕಡೆಗೇ ಇದ್ದು, ಆ ಎಸ್‌ಟಿಪಿಯಲ್ಲಿ ನಿಮ್ಮ ಕೊಳಚೆಗೆ ಜಾಗ ಇದ್ದರೆ ಯುಜಿಡಿಯೇ ಸರಿ. ಕೆಲಸದ ಕ್ರಮ ಮಾತ್ರ ಕೆಳಗಿನಿಂದ ಮೇಲಕ್ಕೆ ಇರಲಿ. ಮೊದಲು ಎಸ್‌ಟಿಪಿ, ಆಮೇಲೆ ಮುಖ್ಯ ಪೈಪು, ಆಮೇಲೆ ಬೀದಿಗಳು, ಕೊನೆಗೆ ಮನೆಗಳು. ಬೀದಿ ಪೈಪು ಕಣ್ಣಿಗೆ ಕಾಣುತ್ತದೆ ಅಂತ ಅದನ್ನೇ ಮೊದಲು ಹಾಕಿಸುತ್ತಾರೆ. ಎಸ್‌ಟಿಪಿಗೆ ಜಾಗದ ತಕರಾರು ಬಿದ್ದು ಕೊನೆಗೆ ಪೈಪಿನ ಬಾಯಿ ರಾಜಕಾಲುವೆಗೆ ತೆರೆದುಕೊಳ್ಳುತ್ತದೆ.

ಗುಂಡಿ ಮತ್ತು ಗಾಡಿಯ ದಾರಿಯನ್ನು ಜನ ಕೀಳಾಗಿ ನೋಡುತ್ತಾರೆ. ಸರಿಯಾಗಿ ಮಾಡಿದರೆ ಅದು ಮರ್ಯಾದೆಯ ವ್ಯವಸ್ಥೆಯೇ. ದೇವನಹಳ್ಳಿಯಲ್ಲಿ ಯುಜಿಡಿ ಇರಲಿಲ್ಲ. ಅಲ್ಲಿ 2015ರಲ್ಲಿ ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯದ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಒಂದು ಪಟ್ಟಣಕ್ಕೆಂದೇ ಕಟ್ಟಿದ ಇಂಥ ಘಟಕಗಳಲ್ಲಿ ದೇಶಕ್ಕೇ ಮೊದಲಿನದು. ಸಕ್ಕಿಂಗ್ ಗಾಡಿ ಮನೆಗಳ ಗುಂಡಿ ಖಾಲಿ ಮಾಡಿ ತಂದು ಸುರಿಯುತ್ತದೆ. ಅದು ಇಳಿಜಾರಿನಲ್ಲೇ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹರಿದು, ಕಳಿತು, ಹಾಸಿನ ಮೇಲೆ ಒಣಗುತ್ತದೆ. ಒಣಗಿದ್ದನ್ನು ಊರಿನ ಹಸಿಕಸದ ಜೊತೆ ಕೊಳೆಸಿ ಗೊಬ್ಬರ ಮಾಡುತ್ತಾರೆ.

ನಮ್ಮ ಸಾವಿರ ಮನೆಯ ಊರಿಗೆ ಇದನ್ನು ಹೊಂದಿಸಿ ನೋಡೋಣ. ಮೂರು ವರ್ಷಕ್ಕೊಮ್ಮೆ ಪ್ರತಿ ಗುಂಡಿ ಖಾಲಿ ಮಾಡಿದರೆ ವರ್ಷಕ್ಕೆ 333 ಮನೆ. ಅಂದರೆ ಕೆಲಸದ ದಿನಕ್ಕೆ ಸುಮಾರು ಒಂದು ಗಾಡಿ. ಗಾಡಿಗೆ 4 ಸಾವಿರ ಲೀಟರ್ ಅಂತ ಹಿಡಿದರೆ, ದಿನಕ್ಕೆ 20 ಸಾವಿರ ಲೀಟರಿನ ಘಟಕ ಇಂಥ ಐದು ಊರುಗಳಿಗೆ ಸಾಕು. ಅದಕ್ಕೇ ನಾಲ್ಕೈದು ಪಂಚಾಯಿತಿ ಸೇರಿ ಒಂದು ಘಟಕ, ಒಂದು ಗಾಡಿ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ಒಬ್ಬೊಬ್ಬರೇ ಕಟ್ಟಿದರೆ ಯಂತ್ರವೂ ಜಾಗವೂ ಸುಮ್ನೆ ಕೂರುತ್ತವೆ.

ಈ ದಾರಿಯಲ್ಲಿ ಎರಡು ಎಚ್ಚರ ಬೇಕು. ಎಷ್ಟೋ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಅಂತ ಹೇಳುವುದು ನಿಜಕ್ಕೂ ಸಿಮೆಂಟ್ ರಿಂಗ್ ಇಳಿಸಿದ, ತಳ ಇಲ್ಲದ ಗುಂಡಿ. ಅದರ ನೀರು ನೆಲಕ್ಕೆ ಇಳಿಯುತ್ತದೆ. ಮುಳಬಾಗಿಲಿನ ಕಥೆ ಮತ್ತೆ ಬರುತ್ತದೆ. ಹೊಸ ಮನೆಗೆ ಅನುಮತಿ ಕೊಡುವಾಗ ತಳ ಇರುವ ಟ್ಯಾಂಕ್ ಕಟ್ಟಿದ್ದಾರಾ ಅಂತ ಹೋಗಿ ನೋಡಬೇಕು, ಮುಚ್ಚಳ ಮುಚ್ಚುವ ಮೊದಲೇ. ಎರಡನೆಯದು ಬೂದು ನೀರು. ಸ್ನಾನ, ಪಾತ್ರೆ, ಬಟ್ಟೆಯ ನೀರು ಗುಂಡಿಗೆ ಹೋಗುವುದಿಲ್ಲ, ಚರಂಡಿಗೇ ಬರುತ್ತದೆ. ಅದಕ್ಕೆ ಜಾಗ ಇರುವ ಮನೆಗಳಲ್ಲಿ ಬಚ್ಚಲು ಗುಂಡಿ, ಇಲ್ಲದ ಕಡೆ ಚರಂಡಿಯ ಕೊನೆಯಲ್ಲಿ ಜಲ್ಲಿ ತುಂಬಿ ಆಪು ಹುಲ್ಲು ಬೆಳೆಸಿದ ತೊಟ್ಟಿ ಬೇಕು. ಗುಂಡಿ-ಗಾಡಿ ಆರಿಸಿಕೊಂಡು ಬೂದು ನೀರನ್ನು ಮರೆತರೆ ಅರ್ಧ ಕೆಲಸ ಮಾಡಿದ ಹಾಗೆ.

ಸಣ್ಣ ಪೈಪಿನ ಒಳಚರಂಡಿ ಇವೆರಡರ ನಡುವಿನದ್ದು. ಪ್ರತಿ ಮನೆಯ ಟ್ಯಾಂಕಿನಲ್ಲಿ ಗಟ್ಟಿ ಉಳಿದುಕೊಳ್ಳುತ್ತದೆ, ತಿಳಿ ಮಾತ್ರ 4 ಇಂಚಿನ ಪೈಪಿನಲ್ಲಿ ಹೋಗುತ್ತದೆ. ಆಳ ಕಮ್ಮಿ, ಇಳಿಜಾರು ಕಮ್ಮಿ ಸಾಕು, ದೊಡ್ಡ ಮ್ಯಾನ್‌ಹೋಲ್ ಬೇಕಿಲ್ಲ. ಟ್ಯಾಂಕ್ ಖಾಲಿ ಮಾಡುವ ಗಾಡಿ ಆಗಲೂ ಬೇಕೇ ಬೇಕು. ಸೆಪ್ಟಿಕ್ ಟ್ಯಾಂಕ್ ಸರಿಯಾಗಿರುವ ಹೊಸ ಬಡಾವಣೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಇನ್ನು ಲೇಔಟಿನವರೇ ಕಟ್ಟಿದ ಎಸ್‌ಟಿಪಿ ಇದ್ದರೆ, ಹಸ್ತಾಂತರಕ್ಕೆ ಸಹಿ ಹಾಕುವ ಮೊದಲು ಯಾರಿಗೂ ಹೇಳದೆ ಹೋಗಿ ಅದು ಓಡುತ್ತಿದೆಯಾ ನೋಡಿ. ಬಣ್ಣ ಬಳಿದ ತೊಟ್ಟಿ, ತುಕ್ಕು ಹಿಡಿದ ಬ್ಲೋವರ್ ಸಿಕ್ಕರೆ ಸಹಿ ಹಾಕಬೇಡಿ.

ಶುದ್ಧ ಮಾಡಿದ ನೀರು ಎಲ್ಲಿಗೆ ಅನ್ನುವುದನ್ನೂ ಕೇಳಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ಬತ್ತಿದ ಕೆರೆಗಳಲ್ಲಿ ನೀರು ಕಂಡು ರೈತರು ಖುಷಿಪಟ್ಟರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ಅಲ್ಲಿನ ಜನ ಹೋರಾಟವನ್ನೂ ಮಾಡಿದರು. ನನಗೆ ಎರಡೂ ನ್ಯಾಯ ಅನಿಸುತ್ತದೆ. ನಿಮ್ಮ ಊರಿನ ಕೊಳಚೆ ಕೆಳಗಿನ ಊರಿನ ಕೆರೆಗೆ ಹೋಗುವುದಾದರೆ ಆ ಊರಿನವರನ್ನೂ ಸಭೆಗೆ ಕರೆಯಿರಿ.

ಪಾಲುದಾರಿಕೆಯ ಕಾಗದ

ಇಬ್ಬರು ಮೂವರು ಸೇರಿ ಪೈಪು ಹಂಚಿಕೊಳ್ಳುವಾಗ ಬಾಯಿಮಾತು ಸಾಲದು. ಅಧ್ಯಕ್ಷರು ಬದಲಾಗುತ್ತಾರೆ, ಪಿಡಿಒ ವರ್ಗ ಆಗುತ್ತಾರೆ. ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿದ ಕರಾರು ಇರಬೇಕು. ಯಾರ ಪಾಲಿಗೆ ಎಷ್ಟು ಲೀಟರ್, ಬೇಸಿಗೆಯಲ್ಲಿ ಕಮ್ಮಿಯಾದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಮ್ಮಿ ಆಗುತ್ತದಾ, ಕರೆಂಟ್ ಬಿಲ್ ಮೀಟರಿನ ಪ್ರಕಾರ ಹಂಚಿಕೆಯಾ ಅಥವಾ ಮನೆ ಲೆಕ್ಕದಲ್ಲಾ, ದೊಡ್ಡ ರಿಪೇರಿಗೆ ದುಡ್ಡು ಎಲ್ಲಿಂದ, ಹೊಸ ಲೇಔಟಿಗೆ ಸಂಪರ್ಕ ಕೊಡಲು ಯಾರ ಒಪ್ಪಿಗೆ ಬೇಕು, ಇವೆಲ್ಲ ಅದರಲ್ಲಿ ಇರಲಿ. ಕೊನೆಯ ಅಂಶದಲ್ಲೇ ಜಗಳ ಜಾಸ್ತಿ. ಒಂದು ಪಂಚಾಯಿತಿ ಲೇಔಟಿಗೆ ಸಂಪರ್ಕ ಕೊಟ್ಟು ಶುಲ್ಕ ತೆಗೆದುಕೊಳ್ಳುತ್ತದೆ, ನೀರು ಕಮ್ಮಿಯಾಗುವುದು ಪಕ್ಕದ ಊರಿಗೆ.

ಓಡಿಸುವ ಖರ್ಚಿಗೆ ಒಂದು ಆಸರೆ ಇತ್ತು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ 60 ಭಾಗವನ್ನು ಇಂಥದ್ದಕ್ಕೇ ಅಂತ ಕಟ್ಟಿಹಾಕಿದ್ದರು, ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಆದರೆ ಅನುದಾನ ವರ್ಷದ ಯಾವುದೋ ತಿಂಗಳಲ್ಲಿ ಬರುತ್ತದೆ. ಕರೆಂಟ್ ಬಿಲ್ ಪ್ರತಿ ತಿಂಗಳೂ ಬರುತ್ತದೆ. ಹಾಗಾಗಿ ನೀರಿನ ಕರ ಎಷ್ಟು ವಸೂಲಾಗುತ್ತಿದೆ ಅಂತ ಮೊದಲು ನೋಡಿ. ಈಗಿನ ಬಿಲ್ಲಿಗೇ ಅದು ಸಾಲದಿದ್ದರೆ ವೆಟ್‌ವೆಲ್ ಇರುವ ಯಾವ ಯೋಜನೆಗೂ ಹೋಗಬೇಡಿ. ಇಳಿಜಾರಿನಲ್ಲೇ ನಡೆಯುವ ದಾರಿ ಹುಡುಕಿ.

ರಸ್ತೆ ಅಗೆಯುವ ದಿನ

ನೀರಿನ ಪೈಪಿಗೂ ಒಳಚರಂಡಿಗೂ ಅಡ್ಡಕ್ಕೆ 3 ಮೀಟರ್ ದೂರ ಇರಬೇಕು. ಒಂದನ್ನೊಂದು ದಾಟುವ ಕಡೆ ನೀರಿನ ಪೈಪು ಅರ್ಧ ಮೀಟರಾದರೂ ಮೇಲಿರಬೇಕು. 10 ಅಡಿ ಓಣಿಯಲ್ಲಿ 3 ಮೀಟರ್ ಎಲ್ಲಿಂದ ತರುವುದು ಅಂತ ಗುತ್ತಿಗೆದಾರರು ಕೇಳುತ್ತಾರೆ. ನ್ಯಾಯವೇ. ಅಂಥ ಕಡೆ ಓಣಿಯ ಒಂದು ಅಂಚಿಗೆ ನೀರು ಮೇಲೆ, ಇನ್ನೊಂದು ಅಂಚಿಗೆ ಕೊಳಚೆ ಕೆಳಗೆ ಇರಲಿ. ಒಂದೇ ಗುಂಡಿಯಲ್ಲಿ ಎರಡನ್ನೂ ಇಳಿಸಲು ಬಿಡಬೇಡಿ. ಮನೆಗೆ ತಿರುಗುವ ಸಣ್ಣ ಪೈಪು ಚರಂಡಿಯನ್ನು ದಾಟುವ ಕಡೆ ಅದರ ಮೇಲಿನಿಂದ, ಕಬ್ಬಿಣದ ಕೊಳವೆಯೊಳಗೆ ಹೋಗಲಿ. ಚರಂಡಿಯ ಒಳಗಡೆ ಜಾಯಿಂಟ್ ಬರಲೇಬಾರದು.

ಮಣ್ಣು ಮುಚ್ಚುವ ಮೊದಲು ಟೇಪು ಹಿಡಿದು ಆಳ ಅಳೆದು ಫೋಟೋ ತೆಗೆಯಿರಿ. ಪಕ್ಕದ ಮನೆಯ ಗೋಡೆಯಿಂದ ಎಷ್ಟು ಅಡಿ ಅಂತ ನಕ್ಷೆಯಲ್ಲಿ ಗುರುತು ಮಾಡಿ. ನಮ್ಮಲ್ಲಿ ಇದು ಇರಲಿಲ್ಲ. ಹಳೇ ನೀರಗಂಟಿ ನಿವೃತ್ತಿಯಾಗುವ ತಿಂಗಳಲ್ಲಿ ಅವರ ಜೊತೆ ಎರಡು ದಿನ ಬೀದಿ ಬೀದಿ ಸುತ್ತಿದೆವು. ಅವರು ಕೋಲಿನಿಂದ ನೆಲ ಕುಟ್ಟಿ "ಇಲ್ಲೊಂದದೆ ನೋಡಕ್ಕ" ಅನ್ನುತ್ತಿದ್ದರು, ನಾವು ಅಲ್ಲಿ ಸುಣ್ಣದಿಂದ ಗುರುತು ಹಾಕುತ್ತಿದ್ದೆವು. ಅರಳಿಕಟ್ಟೆಯ ಹಿಂದೆ, ಕಾಂಕ್ರೀಟಿನ ಅಡಿಯಲ್ಲಿ, ಯಾವ ಕಾಗದದಲ್ಲೂ ಇಲ್ಲದ ವಾಲ್ವ್ ಒಂದು ಸಿಕ್ಕಿತು. ಆ ಅಕ್ಕನ ಬೀದಿಗೆ ನೀರು ಹೋಗುತ್ತಿದ್ದುದು ಅದರಿಂದಲೇ.